ಹಾಜೆರ್ ಹಚ್ಚಿದ ಬೆಂಕಿ

ಮೇಲಿನ ಹಾಳೂರಿನ ಕಲ್ಲುಗೋರಿಗಳ ನಡುವೆ ತಪ್ಪಿಸಿಕೊಂಡ ಆಡು ಹುಡುಕುತ್ತಿದ್ದ ದುರ್ಸುನ್‌ನ ಮೀನಖಂಡಕ್ಕೆ ಹಾವು ಕಚ್ಚಿತು. ಹೆಂಡತಿ ಹಾಜೆರ್ ಓಡಿ ಬರುವಷ್ಟರಲ್ಲಿ ಕಾಲು ಮಂಡಿಯವರೆಗೆ ಊದಿತ್ತು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಊರು ಬೆಟ್ಟದಾಚೆ. ಉಳಿದಿದ್ದು ಸಮುದ್ರದ ಮೇಲಿನ ಕಡಿದಾದ ಅಂಚಿನಲ್ಲಿ ಸಾಗಿ ಕೆಳಗಿನ ಹಾಳೂರಿಗೆ ಇಳಿಯುವ ಕಾಲುದಾರಿ ಒಂದೇ. ಅಲ್ಲಿನ ಕೊಲ್ಲಿಗೆ ಮಧ್ಯಾಹ್ನ ಪ್ರವಾಸಿಗರ ದೋಣಿ ಬರುತ್ತಿತ್ತು.

ಗಂಡನ ತೋಳನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

"ಮದುವೆ ದಿನಾನೂ ನನ್ನ ಹಿಂಗೆ ತಬ್ಕೊಂಡಿರ್ಲಿಲ್ಲ ಕಣೇ ನೀನು," ಎಂದ ದುರ್ಸುನ್.

"ಬಾಯಿ ಮುಚ್ಕೊಂಡು ಕಾಲು ಹಾಕ್ರಿ. ಕೆಳಗೆ ಮಾತ್ರ ನೋಡ್ಬೇಡಿ."

ಅರ್ಧ ದಾರಿಯಲ್ಲಿ, ಕುಸಿದ ಕಾವಲು ಬುರುಜಿನ ಬಳಿ ಅವನು ವಾಂತಿ ಮಾಡಿಕೊಂಡು ಕುಸಿದ. ಮತ್ತೆ ಏಳಲಿಲ್ಲ. ಕೆಳಗೆ ದೋಣಿ ಆಗಲೇ ಲಂಗರು ಎತ್ತುತ್ತಿತ್ತು. ಹಾಜೆರ್ ತಲೆವಸ್ತ್ರ ಕಿತ್ತು ಬೀಸಿದಳು, ಗಂಟಲು ಹರಿಯುವಂತೆ ಕೂಗಿದಳು. ದೋಣಿಯವರು ನಗುತ್ತ ಅವಳಿಗೆ ತಿರುಗಿ ಕೈ ಬೀಸಿದರು. ದೋಣಿ ಹೋಗಿಯೇ ಬಿಟ್ಟಿತು.

ಗಂಡನ ತುಟಿ ನೀಲಿಗಟ್ಟುತ್ತಿತ್ತು. ಅವನ ಜೇಬಿನಲ್ಲಿ ಸಿಗರೇಟು, ಲೈಟರ್ ಇದ್ದವು. ಬೇಸಿಗೆಯಲ್ಲಿ ಸುತ್ತಲಿನ ಕಾಡಲ್ಲಿ ಕಡ್ಡಿ ಗೀರಿದರೂ ಜೈಲು. ಹೊಗೆ ಎದ್ದರೆ ಅರಣ್ಯದವರ ಹೆಲಿಕಾಪ್ಟರ್ ಹಾರಿ ಬರುತ್ತದೆ. ಆದರೆ ಪಕ್ಕದ ಪೈನ್ ಇಳಿಜಾರಿನಲ್ಲಿ ಹಾಜೆರಳ ತಂಗಿ ಕೆಜ್ಬಾನಳ ಜೇನುಪೆಟ್ಟಿಗೆಗಳಿದ್ದವು. ತನ್ನ ಗಂಡ ಸತ್ತ ಮೇಲೆ ಕೆಜ್ಬಾನಳ ಸಂಸಾರ ನಡೆಯುತ್ತಿದ್ದದ್ದೇ ಆ ಜೇನಿನಿಂದ.

"ಬೇಡ ಕಣೇ," ಎಂದು ದುರ್ಸುನ್ ತೊದಲಿದ. "ಕೆಜ್ಬಾನ್..."

"ಗೊತ್ತು," ಎಂದಳು ಹಾಜೆರ್. ಒಣಮುಳ್ಳಿಗೆ ಬೆಂಕಿ ಇಟ್ಟಳು.

ಗಾಳಿ ಬೆಂಕಿಯನ್ನು ಇಳಿಜಾರಿಗೇ ಒಯ್ದಿತು. ಅವಳು ಗಂಡನನ್ನು ಬುರುಜಿನ ಬರಿಗಲ್ಲಿನ ಮೇಲಕ್ಕೆ ಎಳೆದು, ಅವನ ಮುಖವನ್ನು ಎದೆಗೆ ಒತ್ತಿಕೊಂಡು ಕೆಮ್ಮುತ್ತ ಕೂತಳು. ಹೆಲಿಕಾಪ್ಟರ್ ಬಂತು. ಅವರನ್ನು ನೋಡಿತು. ಇಳಿಯಿತು.

ದುರ್ಸುನ್ ಬದುಕಿದ. ಮರುದಿನ, ಆಸ್ಪತ್ರೆಯ ಬಾಗಿಲಲ್ಲಿ ಪೊಲೀಸರು ಹಾಜೆರಳಿಗಾಗಿ ಕಾದು ನಿಂತಿದ್ದಾಗ ಕೆಜ್ಬಾನ್ ಬಂದಳು. ಅವಳ ಬಟ್ಟೆಯೆಲ್ಲ ಹೊಗೆ ವಾಸನೆ.

"ಭಾವ ಹೆಂಗಿದಾರೆ?"

"ಕಣ್ಣು ಬಿಟ್ಟಿದಾರೆ. ನಿನ್ನ ಪೆಟ್ಟಿಗೆ...?"

"ಒಂದೂ ಉಳೀಲಿಲ್ಲ."

ಹಾಜೆರ್ ಅವಳ ಕೈ ಹಿಡಿಯಹೋದಳು. ಕೆಜ್ಬಾನ್ ಕೈ ಹಿಂದಕ್ಕೆಳೆದುಕೊಂಡಳು.

"ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಬೆಂಕಿ ಇಡ್ತಿದ್ದೆ ಅಕ್ಕ. ಆದ್ರೂ ಇನ್ಮೇಲೆ ನನ್ನ ಮನೆ ಹೊಸ್ತಿಲು ತುಳೀಬೇಡ."