ಹಿತ್ತಲಲ್ಲಿ ಹೇಳಿದ ವಂಶಾವಳಿ

ಅರ್ಧ ತೋಡಿದ ಗುಂಡಿಗೆ ಇಳಿದ ಭಾಗ್ಯ, ದೊಡ್ಡಪ್ಪ ಆಂಜನೇಯನ ಕೈಯಲ್ಲಿದ್ದ ಸಲಿಕೆಯನ್ನು ಗಟ್ಟಿಯಾಗಿ ಹಿಡಿದು ನಿಂತಳು.

"ಮ್ಯಾಲೆ ಬಾರಬೇ, ಮಣ್ಣು ಮಾಡೋ ಹೊತ್ತು ಮೀರಾಕತ್ತೈತಿ."

"ಅಜ್ಜೀನ್ನ ಕಾಲುವಿ ದಂಡಿಗೆ ಹೂಳಾಕ ಬಿಡಂಗಿಲ್ಲ ದೊಡ್ಡಪ್ಪ. ಬೇವಿನ ಬುಡಕ, ಹಿರಿಯರ ಸಾಲಿನ್ಯಾಗ ಇಡ್ರಿ. ಆಕಿ ಕೇಳಿದ್ದು ಅದೊಂದ."

ಮುಕ್ಕುಂದ ಊರಿನ ಆ ಹೊಲದಲ್ಲಿ ಭತ್ತದ ತೆನೆ ಹಾಲುಗಟ್ಟಿತ್ತು. ಬದುವಿನ ಮೇಲೆ ಇಳಿಸಿದ ಚಟ್ಟದಲ್ಲಿ ಅಜ್ಜಿ ಗ್ಯಾನಮ್ಮ ಮಲಗಿದ್ದಳು. ಬದುಕಿದ್ದಾಗ ಒಂದು ದಿನವೂ ಅಷ್ಟು ಹೊತ್ತು ಸುಮ್ಮನಿದ್ದವಳಲ್ಲ.

"ಆಕಿ ಉಡಿಕಿ ಆಗಿ ಬಂದಾಕಿ," ಆಂಜನೇಯ ದನಿ ತಗ್ಗಿಸಿದ. "ಮೊದಲ ಗಂಡ ಸತ್ತ ಮ್ಯಾಲೆ, ನನ್ನ ಹಡೆದವ್ವ ಹೋದ ಮ್ಯಾಲೆ, ನಮ್ಮಪ್ಪನ ಕೂಡ ಬಂದ್ಲು. ಉಡಿಕಿಯಾಕಿನ್ನ ಹಿರಿಯರ ಸಾಲಿಗೆ ಇಟ್ಟಿದ್ದು ನಮ್ಮ ವಂಶದಾಗ ಇಲ್ಲ."

"ವಂಶದ ಮಾತು ಹೆಳವಪ್ಪನ್ನ ಕೇಳೋಣು."

ಎಲ್ಲರೂ ವೆಂಕೋಬನತ್ತ ತಿರುಗಿದರು. ಸುಗ್ಗಿಗೊಮ್ಮೆ ಮನೆಮನೆಯ ವಂಶಾವಳಿ ಹೇಳಿ ಕಾಳು ಪಡೆಯುವ ಹೆಳವನು ಅವನು. ಸಾವಿನ ಸುದ್ದಿ ಕೇಳಿ ಬಳಗಾನೂರಿನಿಂದ ಬೈಕಿನಲ್ಲಿ ಬಂದಿದ್ದ.

*

ಭಾಗ್ಯ ಚಿಕ್ಕವಳಿದ್ದಾಗ ವೆಂಕೋಬ ಮುಂಬಾಗಿಲ ಕಟ್ಟೆಯ ಮೇಲೆ ಕೂತು, ಗಂಟೆ ಬಾರಿಸಿ, ಮೂಲಪುರುಷ ಹಂಪಯ್ಯನಿಂದ ಹಿಡಿದು ಗಂಡಸರ ಹೆಸರುಗಳನ್ನು ಹರಿಯಬಿಡುತ್ತಿದ್ದ. ಗಂಡಸರು ಜೋಳ ಅಳೆದು ಕೊಡುತ್ತಿದ್ದರು. ಆಮೇಲೆ ಗ್ಯಾನಮ್ಮ ಅವನನ್ನು ಹಿತ್ತಲಿಗೆ ಕರೆಯುತ್ತಿದ್ದಳು. ಉಡಿಯಲ್ಲಿ ತನ್ನ ಪಾಲಿನ ಜೋಳ, ಪಕ್ಕದಲ್ಲಿ ಭಾಗ್ಯ.

"ಹಂಪಯ್ಯನ್ನ ಹಡೆದಾಕಿನ್ನ ಬಿಟ್ಟೆಲ್ಲೋ. ಆತ ಜಾಲಿ ಗಿಡದಾಗ ಕಾಯಿ ಬಿಟ್ಟಂಗ ಹುಟ್ಟಿದ್ದನೇನು?"

ವೆಂಕೋಬ ನಗುತ್ತ, ಸದ್ದಾಗದಂತೆ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದು ಹೇಳುತ್ತಿದ್ದ. ಗಂಡನನ್ನು ಕಳೆದುಕೊಂಡ ತಿಮ್ಮವ್ವ ಬೀಸುಕಲ್ಲು ಹೊತ್ತು ಹೊಳೆ ದಾಟಿದ್ದು. ಜಾಲಿ ಕಡಿದು ಈ ಹೊಲ ಮಾಡಿದ್ದು. ಕುರಿ ಕಾಯುವ ಮಲ್ಲಯ್ಯನ ಕೈಯಿಂದ ಉಡಿಕೆಯ ಸೀರೆ ಉಟ್ಟದ್ದು. ಆಮೇಲೆ ಹಂಪಯ್ಯನನ್ನು ಹಡೆದದ್ದು. ಬೇವಿನ ಬುಡದ ಹಿರಿಯರ ಸಾಲಿನಲ್ಲಿ ಮೊದಲ ಕಲ್ಲು ಅವಳದೇ.

"ಇದನ್ನ ಕಟ್ಟಿ ಮ್ಯಾಲೆ ಹೇಳಾಕ ಏನಾಗೈತಿ ನಿನಗ?"

"ಹೇಳಿದ್ರ ಕಟ್ಟಿ ಮ್ಯಾಲಿನ ಜೋಳ ನಿಲ್ತೈತಿ ಯವ್ವಾ."

*

"ಹಿತ್ತಲದಾಗ ಹೇಳಿದ್ದನ್ನ ಇಲ್ಲಿ ಹೇಳ್ರಿ ಕಾಕಾ," ಎಂದಳು ಭಾಗ್ಯ.

ವೆಂಕೋಬ ಆಂಜನೇಯನ ಮುಖ ನೋಡಿ ತಲೆ ತಗ್ಗಿಸಿದ.

ಭಾಗ್ಯ ತಾನೇ ದನಿ ಎತ್ತಿದಳು, ಅವನದೇ ರಾಗದಲ್ಲಿ. "ಹೊಳಿ ದಾಟಿ ಬಂದಾಕಿ ತಿಮ್ಮವ್ವ. ಬೀಸುಕಲ್ಲು ಹೊತ್ತು ಬಂದಾಕಿ ತಿಮ್ಮವ್ವ. ಕುರಿ ಕಾಯೋ ನಿಂಗಯ್ಯನ ಕೈಲೆ ಉಡಿಕಿ ಸೀರಿ ಉಟ್ಟಾಕಿ—"

"ನಿಂಗಯ್ಯ ಅಲ್ಲಬೇ, ಮಲ್ಲಯ್ಯ," ಎಂದುಬಿಟ್ಟ ವೆಂಕೋಬ. ವಂಶದಲ್ಲಿ ಒಂದು ಹೆಸರು ತಪ್ಪಿದರೂ ಹೆಳವನ ಕಿವಿ ತಾಳುವುದಿಲ್ಲ. ಅದು ತಿಳಿದೇ ಭಾಗ್ಯ ತಪ್ಪು ಹೇಳಿದ್ದಳು.

ಆಂಜನೇಯ ವೆಂಕೋಬನತ್ತ ತಿರುಗಿದ.

"ಹಂಗಾರ ಇಷ್ಟು ವರ್ಷ ಸುಳ್ಳು ಹೇಳಿದೇನು?" ಆಂಜನೇಯನ ದನಿ ಒಡೆಯಿತು.

"ಬಿಟ್ಟು ಹೇಳೀನಿ ಧಣಿ. ಸುಳ್ಳು ಹೇಳಿಲ್ಲ."

"ಉಡಿಕಿಯಾಕಿಗೆ ಆ ಸಾಲಿನ್ಯಾಗ ಜಾಗ ಇಲ್ಲಂದ್ರ ತಿಮ್ಮವ್ವನ ಕಲ್ಲೂ ಕಿತ್ತು ಇಲ್ಲಿಗೆ ತರ್ರಿ," ಎಂದಳು ಭಾಗ್ಯ. "ಆಕಿ ಹಿಂದ ಆಕಿ ಹಡೆದ ಹಂಪಯ್ಯ. ಆತನ ಹಿಂದ ನೀವು."

ಆಂಜನೇಯ ಸಲಿಕೆ ಬಿಟ್ಟ. ಗಂಡಸರು ಯಾರೂ ಅದನ್ನು ಮುಟ್ಟಲಿಲ್ಲ. ಅವನ ಹೆಂಡತಿ ಗದ್ದೆಮ್ಮ ಬಂದು ಸಲಿಕೆ ಎತ್ತಿಕೊಂಡಳು.

"ನಿನಗ ಬುತ್ತಿ ಕಟ್ಟಿ ದೊಡ್ಡಾವನ್ನ ಮಾಡಿದಾಕಿ ಆಕಿ," ಎಂದು ಗಂಡನಿಗೆ ಹೇಳಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬೇವಿನ ಗಿಡದತ್ತ ನಡೆದಳು. ಉಳಿದ ಹೆಂಗಸರು ಚಟ್ಟಕ್ಕೆ ಹೆಗಲು ಕೊಟ್ಟರು.

ವೆಂಕೋಬ ಜೋಳಿಗೆಯಿಂದ ಗಂಟೆ ತೆಗೆದು ಬಾರಿಸುತ್ತ ಅವರ ಮುಂದೆ ನಡೆದ. ಸದ್ದಿಗೆ ಭತ್ತದೊಳಗಿನ ಬೆಳ್ಳಕ್ಕಿಗಳು ಒಮ್ಮೆಗೇ ಎದ್ದವು. ಹಿಂದೆ ಉಳಿದ ಅರ್ಧ ಗುಂಡಿಯೊಳಕ್ಕೆ ಕಾಲುವೆಯ ನೀರು ಜಿನುಗತೊಡಗಿತ್ತು.