ಇಟ್ಟಿಗೆಯ ಮೇಲಿನ ಪುಟ್ಟ ಕಾಲು

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ನನಗೊಂದು ಭ್ರಮೆಯಿತ್ತು. ನಾನು ಕೆಮ್ಮಿದರೆ ಸಾಕು, ಇಡೀ ತರಗತಿ ಗಪ್‌ಚಿಪ್ ಆಗುತ್ತದೆ; ಅಂದಮೇಲೆ ಒಂದು ಮಗು ಯಾವ ಲೆಕ್ಕ? ಈ ಧೈರ್ಯದ ಮೇಲೆಯೇ ಹೆಂಡತಿಯನ್ನೂ ಎರಡೂವರೆ ವರ್ಷದ ಮಗಳನ್ನೂ ಹೊರಡಿಸಿಕೊಂಡು ಪರದೇಶದ ಮೂರು ಹಳೇ ನಗರಗಳನ್ನು ನೋಡಲು ವಿಮಾನ ಹತ್ತಿದೆ. ನಿಜ ಹೇಳಬೇಕೆಂದರೆ, ನನಗೆ ನೋಡಬೇಕಿದ್ದದ್ದು ಒಂದು ಇಟ್ಟಿಗೆ.

ಅದರ ಚಿತ್ರ ನಮ್ಮ ಪಠ್ಯಪುಸ್ತಕದಲ್ಲಿ ಅಂಚೆಚೀಟಿಯಷ್ಟಿದೆ. ಎಷ್ಟೋ ಶತಮಾನಗಳ ಹಿಂದೆ ಹಸಿ ಇಟ್ಟಿಗೆ ಒಣಗಲು ಹಾಕಿದ್ದಾಗ ಯಾವುದೋ ಮಗು ಅದರ ಮೇಲೆ ಕಾಲಿಟ್ಟು ಓಡಿದೆ. ಆ ಗುರುತು ಹಾಗೆಯೇ ಸುಟ್ಟು ಉಳಿದಿದೆ. ‘ಇಟ್ಟಿಗೆಗಳನ್ನು ಬಯಲಿನಲ್ಲಿ ಒಣಗಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿ’ ಎಂದು ಪ್ರತಿ ವರ್ಷ ಬರೆಸುತ್ತೇನೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ. ಅದನ್ನು ಕಣ್ಣಾರೆ ಕಾಣದೆ ನಿವೃತ್ತನಾದರೆ ಪಾಠ ಮಾಡಿದ್ದೆಲ್ಲ ದಂಡ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಮಗಳನ್ನು ಮನೆಯಲ್ಲಿ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತೇವೆ. ಯಾವುದನ್ನೂ ಕೈಯಲ್ಲಿ ಹಿಡಿದು ತನಿಖೆ ಮಾಡದೆ ಬಿಡುವವಳಲ್ಲ. ಹಾಗಾಗಿ ಹೊರಡುವ ಮುಂಚೆಯೇ ತರಬೇತಿ ಶುರುಮಾಡಿದೆ. ಸೋಫಾದ ಮೇಲೆ ಗಡಿಯಾರ, ಹೂದಾನಿ, ಹೆಂಡತಿಯ ಚಪ್ಪಲಿ ಸಾಲಾಗಿ ಜೋಡಿಸಿ, ಮುಂದೆ ಮ್ಯೂಸಿಯಮ್ಮಿನ ಹಗ್ಗದಂತೆ ದುಪಟ್ಟಾ ಕಟ್ಟಿ, “ಮುಟ್ಬಾರ್ದು. ಕೈ ಹಿಂದೆ ಕಟ್ಕೊಂಡು ನೋಡ್ಬೇಕು” ಎಂದು ದಿನವೂ ಹೇಳಿಕೊಟ್ಟೆ.

“ರೀ, ಈ ತರಬೇತಿ ಮೊದ್ಲು ನೀವು ತಗೊಳ್ಳಿ” ಎಂದಳು ಹೆಂಡತಿ. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ರಕ್ತ ನೋಡಿಯೇ ಮನುಷ್ಯರನ್ನು ಅಳೆಯುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ನಗರದಲ್ಲಿ ಇನ್‌ಸ್ಪೆಕ್ಟರ್ ಅರಮನೆಗೆ ಬೆನ್ನು ಹಾಕಿ ಚರಂಡಿಯ ಜಾಲರಿಯೊಳಗೆ ಕಲ್ಲು ಹಾಕುತ್ತ ಕೂತಳು. ಎರಡನೆಯದರಲ್ಲಿ ಕೋಟೆಯುದ್ದಕ್ಕೂ ನನ್ನ ಹೆಗಲ ಮೇಲೆ ನಿದ್ದೆ ಹೊಡೆದು, ರೂಮಿಗೆ ಬಂದಮೇಲೆ ಎದ್ದು ಕುಣಿದಳು. ನಾನು ಬೈದೆ. ಅರಮನೆಯಲ್ಲಿ ಬೈದೆ, ಕೋಟೆಯಲ್ಲಿ ಬೈದೆ, ಯಾರೋ ರಾಜನ ಗೋರಿಯ ಮುಂದೆ ದನಿ ತಗ್ಗಿಸಿ ಬೈದೆ.

ಮೂರನೆಯ ನಗರದ ಮ್ಯೂಸಿಯಮ್ಮಿಗೆ ಹೋದದ್ದು ಕೊನೆಯ ದಿನ, ಸಂಜೆಗೆ ವಿಮಾನ. ಅಲ್ಲಿ ಪವಾಡವೇ ನಡೆಯಿತು. ಮಗಳು ಕೈ ಹಿಂದೆ ಕಟ್ಟಿಕೊಂಡು, ನಿವೃತ್ತ ಅಧಿಕಾರಿಯ ಹಾಗೆ ಮಡಕೆಗಳನ್ನೆಲ್ಲ ನೋಡುತ್ತ ಬಂದಳು. ನಾನು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಕೊನೆಯ ಕೋಣೆಯಲ್ಲಿ ನನ್ನ ಇಟ್ಟಿಗೆ ಇತ್ತು. ಗಾಜಿಲ್ಲ, ಸುತ್ತ ಒಂದು ಹಗ್ಗ ಅಷ್ಟೆ. ಐದೂ ಬೆರಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಕೈ ಯಾವಾಗ ಹೋಯಿತೋ ಗೊತ್ತಿಲ್ಲ, ನನ್ನ ಹೆಬ್ಬೆರಳು ಆ ಹಿಮ್ಮಡಿಯ ಗುಳಿಯಲ್ಲಿತ್ತು.

“ಅಪ್ಪಾ, ಮುಟ್ಬಾರ್ದು.”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಾವಲಿನ ಹೆಂಗಸು ಬಂದು ನನ್ನ ಮೊಣಕೈ ಹಿಡಿದು ಹೊರಬಾಗಿಲಿನ ತನಕ ನಡೆಸಿಕೊಂಡು ಹೋದಳು. ಹಿಂದೆಯೇ ಬಂದ ಹೆಂಡತಿ ಡೈಪರ್ ಬ್ಯಾಗನ್ನು ನನ್ನ ಕೈಗಿಟ್ಟಳು. “ನಾವು ನೋಡ್ಕೊಂಡು ಬರ್ತೀವಿ. ನೀವು ಇದನ್ನ ಮುಟ್ಕೊಂಡು ಕೂತಿರಿ.”

ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂತೆ. ಇಷ್ಟು ದೂರ ಬಂದು ಅದನ್ನು ಕಣ್ತುಂಬ ನೋಡಲಿಲ್ಲವಲ್ಲ ಎಂದು ನಿಜಕ್ಕೂ ಅಳು ಬರುವಂತಾಯಿತು.

ಬಹಳ ಹೊತ್ತಾದ ಮೇಲೆ ಬಂದ ಮಗಳು ನನ್ನ ಪಕ್ಕ ಹತ್ತಿ ಕೂತಳು.

“ಅಪ್ಪ, ಪಾಪು ಇಟ್ಟಿಗೆ ತುಳಿದಿದೆ.”

“ಹೌದಮ್ಮ.”

“ಅವರಪ್ಪ ಬೈದ್ರಾ?”

ಇಷ್ಟು ವರ್ಷ ಬರೆಸಿದ ಟಿಪ್ಪಣಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮಣ್ಣು ಹಸಿಯಾಗಿತ್ತು. ಅಂಗೈಯಿಂದ ಒಮ್ಮೆ ಸವರಿದ್ದರೆ ಗುರುತು ಅಳಿದುಹೋಗುತ್ತಿತ್ತು. ಯಾರೂ ಸವರಲಿಲ್ಲ, ಎಸೆಯಲೂ ಇಲ್ಲ. ಹಾಗೆಯೇ ಸುಟ್ಟಿದ್ದರು.

“ಇಲ್ಲ ಅನ್ಸುತ್ತೆ ಕಣಮ್ಮ. ಬೈದಿರ್ಲಿಕ್ಕಿಲ್ಲ.”

“ನೀನು ಬೈತೀಯ” ಎಂದಳು. ಸಿಟ್ಟೇನೂ ಇರಲಿಲ್ಲ, ನನ್ನ ಅಂಗಿಯ ಬಣ್ಣ ಹೇಳಿದ ಹಾಗೆ ಹೇಳಿದಳು. ಹೆಂಡತಿ ಬ್ಯಾಗಿನ ಜಿಪ್ ಎಳೆದಳು.

ನಾನು ಮಗಳ ಶೂ, ಕಾಲುಚೀಲ ಬಿಚ್ಚಿದೆ. ಹಿಮ್ಮಡಿಯ ಮೇಲೆ ಹೆಬ್ಬೆರಳಿಟ್ಟೆ, ಬೆಚ್ಚಗಿತ್ತು. ಇನ್‌ಸ್ಪೆಕ್ಟರ್ ತಡೆಯಲಿಲ್ಲ.