ಊರಿಗೆಲ್ಲ ಗೊತ್ತಿದ್ದ ನಂಬರು

ವಾದದಲ್ಲಿ ಓರಿನ್‌ನನ್ನು ಸೋಲಿಸಬಲ್ಲವರು ಆ ಊರಿನಲ್ಲಿ ಒಬ್ಬರೇ ಇದ್ದರು, ಅವನ ಅಕ್ಕ ಡೆಲ್ಫಿನ್. ಶಾಲೆಯ ಬಸ್ಸು ಓಡಿಸುವ ಹೆಂಗಸು. ಮಾರ್ಚ್ ತಿಂಗಳ ಮೊದಲ ಮಂಗಳವಾರ, ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿಗಳೆಲ್ಲ ವರ್ಷದ ಸಭೆ ಸೇರುವ ದಿನ, ಶಾಲೆಯ ಆಟದ ಹಾಲಿನಲ್ಲಿ ಅವಳು ಎರಡನೇ ಸಾಲಿನಲ್ಲಿ ಉಲ್ಲನ್ ಹೆಣೆಯುತ್ತ ಕೂತಿದ್ದಳು. ಓರಿನ್ ಅದನ್ನು ಕಂಡು ಮೀಸೆಯೊಳಗೇ ನಕ್ಕ. ಇವತ್ತು ಇವಳ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಓರಿನ್ ಅಲ್ಲ ಎಂದುಕೊಂಡ.

ಚರ್ಚೆಗೆ ಬಂದಿದ್ದ ವಿಷಯ ಸಣ್ಣದಲ್ಲ. ಹಿಂದಿನ ಶರತ್ಕಾಲದಲ್ಲಿ ಪಕ್ಕದ ರಾಜ್ಯದ ಶಾಲೆಯೊಂದಕ್ಕೆ ಒಬ್ಬ ಹುಡುಗ ಬಂದೂಕು ಹಿಡಿದು ನುಗ್ಗಿ ಮಕ್ಕಳನ್ನು ಕೊಂದಿದ್ದ. ನಮ್ಮ ಶಾಲೆಗೂ ಬಂದೂಕುಧಾರಿ ಕಾವಲುಗಾರ ಬೇಕೇ ಬೇಡವೇ ಎಂಬುದನ್ನು ಊರು ಆ ದಿನ ಕೈಯೆತ್ತಿ ತೀರ್ಮಾನಿಸಬೇಕಿತ್ತು. ಬೇಕೇ ಬೇಕು ಎನ್ನುವವರ ಮುಂದಾಳು ಓರಿನ್.

ಯಾಕೆ ಹೀಗಾಗುತ್ತದೆ ಎಂದು ಕೇಳಿದ್ದೇ ತಡ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾರಣ. ಮೊಬೈಲಿನ ಆಟಗಳು ಎಂದ ಒಬ್ಬ ಹೈನುಗಾರ. ಮನೆಯಲ್ಲಿ ಪ್ರಾರ್ಥನೆ ನಿಂತು ಹೋದದ್ದಕ್ಕೆ ಎಂದಳು ಒಬ್ಬ ಮುದುಕಿ. ಮನಸ್ಸು ಕೆಟ್ಟವರಿಗೆ ಡಾಕ್ಟರು ಸಿಗದ ಊರಿನಲ್ಲಿ ಇನ್ನೇನಾದೀತು ಎಂದರು ನಿವೃತ್ತ ಮೇಷ್ಟರು. ಬಂದೂಕು ಮಿತಿಮೀರಿವೆ ಎಂದು ಯಾರೋ ಗೊಣಗಿದರು. ಓರಿನ್ ಎದ್ದು ನಿಂತ. ಬಂದೂಕು ತಾನಾಗಿ ಎದ್ದು ಶಾಲೆಗೆ ನಡೆದು ಹೋಗುವುದಿಲ್ಲ, ಅದನ್ನು ಹಿಡಿಯುವವನು ಎಂಥವನು ಎಂಬುದನ್ನು ನೋಡಿ ಎಂದ. ಕೆಲಸ ಕಳೆದುಕೊಂಡವನು, ಯಾರ ಹತ್ತಿರವೂ ಮಾತಾಡದವನು, ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂರುವವನು. ಇಷ್ಟು ಹೇಳುವಾಗ ಅವನ ನಾಲಿಗೆ ಒಂದು ಕ್ಷಣ ತಡವರಿಸಿತು.

ತಡವರಿಸದೆ ಏನು ಮಾಡೀತು? ಅವನು ವರ್ಣಿಸುತ್ತಿದ್ದುದು ತನ್ನ ಮಗ ಕಾರ್ಬಿನ್‌ನನ್ನು. ಮರದ ಮಿಲ್ಲಿನ ಕೆಲಸ ಹೋದಂದಿನಿಂದ ಹುಡುಗ ಮಾತು ಬಿಟ್ಟಿದ್ದ. ತಾಯಿ ಇಲ್ಲದ ಮನೆ, ಅಪ್ಪ ಮಗ ಇಬ್ಬರೇ. ಕಾರ್ಬಿನ್ ಒಮ್ಮೆ ಗೋಡೆಗೆ ಗುದ್ದಿ ತೂತು ಮಾಡಿದಾಗ ಓರಿನ್ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿ ಸುಮ್ಮನಾಗಿದ್ದ. ಭಯವಾದಾಗಲೆಲ್ಲ ಬಂದೂಕಿನ ಬೀರು ಭದ್ರವಾಗಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮಗ್ಗುಲು ಬದಲಿಸುತ್ತಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ಡೆಲ್ಫಿನ್ ಹೆಣಿಗೆ ಕೆಳಗಿಟ್ಟು ಎದ್ದಳು. ಆ ಸಭೆಯಲ್ಲಿ ಒಬ್ಬರ ಮುಖ ನೋಡಿ ಇನ್ನೊಬ್ಬರು ಮಾತಾಡುವಂತಿಲ್ಲ. ಒಡಹುಟ್ಟಿದವರಾದರೂ ಅಷ್ಟೇ, ಪ್ರತಿ ಮಾತೂ ಅಧ್ಯಕ್ಷರ ಮೂಲಕವೇ ಹೋಗಬೇಕು.

"ಅಧ್ಯಕ್ಷರೇ, ಪಕ್ಕದ ರಾಜ್ಯದ ಆ ಹುಡುಗ ಬಂದೂಕು ತಗೊಂಡಿದ್ದು ಚಿಕ್ಕಪ್ಪನ ಬೀರುವಿಂದ. ನನ್ನ ತಮ್ಮನ ಬಂದೂಕುಗಳು ಎಲ್ಲಿವೆ, ಸ್ವಲ್ಪ ಕೇಳಿ ಹೇಳ್ತೀರಾ?"

ಅಧ್ಯಕ್ಷ ಎಲ್ಡನ್ ಓರಿನ್ ಕಡೆ ತಿರುಗಿದ. ಓರಿನ್ ಎದೆ ಉಬ್ಬಿಸಿದ.

"ಉಕ್ಕಿನ ಬೀರು, ಅಧ್ಯಕ್ಷರೇ. ನಂಬರ್ ಒತ್ತಿದ್ರೇನೇ ತೆಗೆಯೋದು. ಆ ನಂಬರು ಗೊತ್ತಿರೋದು ನನಗೆ, ಬಿಟ್ರೆ ದೇವರಿಗೆ."

"ಹಾಗಿದ್ರೆ ನಮ್ಮೂರಲ್ಲಿ ದೇವರು ಬಹಳ ಜನ ಇದ್ದಾರೆ," ಎಂದಳು ಡೆಲ್ಫಿನ್. "ಆ ನಂಬರು ಗೊತ್ತಿರೋರು ಕೈ ಎತ್ತಲಿ ಅಂತ ಹೇಳಿ. ಬಾಯಿಬಿಟ್ಟು ಹೇಳೋದೇನೂ ಬೇಡ."

ಎಲ್ಡನ್ ತಲೆ ಕೆರೆದುಕೊಂಡ. ಬೇಡವೆನ್ನಲು ಯಾವ ನಿಯಮವೂ ನೆನಪಾಗಲಿಲ್ಲ. ಸಭೆಯನ್ನು ಹತೋಟಿಯಲ್ಲಿಡಲು ಬಡಿಯುವ ಮರದ ಸುತ್ತಿಗೆ ಕೆಳಗಿಟ್ಟು ತಾನೇ ಮೊದಲು ಕೈ ಎತ್ತಿದ. ಅವನ ಹಿಂದೆ ಹೈನುಗಾರ, ಮೇಷ್ಟರು, ಆಮೇಲೆ ಆ ಪ್ರಾರ್ಥನೆಯ ಮುದುಕಿ. ನೋಡನೋಡುತ್ತಿದ್ದಂತೆ ಅರ್ಧ ಸಭೆಯ ಕೈಗಳು ಮೇಲಿದ್ದವು.

ಅದರಲ್ಲಿ ಆಶ್ಚರ್ಯವೇನಿದೆ ಹೇಳಿ. ಓರಿನ್ ಮನೆಯ ನಡುಕೋಣೆಯಲ್ಲಿ ದೊಡ್ಡ ಗಂಡು ಜಿಂಕೆಯ ಕೊಂಬು ಗೋಡೆಗಿದೆ. ಕೊಂಬಿನ ಕೆಳಗೆ ಹಿತ್ತಾಳೆ ತಗಡು, ತಗಡಿನ ಮೇಲೆ ಅದನ್ನು ಹೊಡೆದ ತಾರೀಕು. ಪ್ರತಿ ನವೆಂಬರಿನಲ್ಲೂ, ಬೇಟೆಯ ಕಾಲದಲ್ಲಿ, ಬಂದವರಿಗೆಲ್ಲ ಬಿಯರಿನ ಜೊತೆ ಆ ಕತೆಯೂ ಸಿಗುತ್ತದೆ. ಆ ಊರಿನ ಬೇಟೆಗಾರ ಹೆಂಡತಿ ಹುಟ್ಟಿದ ದಿನ ಮರೆತಾನು, ಆ ದಿನ ಮರೆಯಲಾರ. ಬೀರುವಿಗೆ ಅವನು ಬೇರೆ ಯಾವ ನಂಬರು ಹಾಕಿಯಾನು? ಕೈ ಎತ್ತಿದ ಗಂಡಸರಲ್ಲಿ ಕೆಲವರು ತಮ್ಮ ತಮ್ಮ ಗೋಡೆಯ ಕೊಂಬು ನೆನಪಾಗಿ ಹೆಂಡಿರ ಮುಖ ನೋಡುತ್ತಿದ್ದರು.

ಸಭೆಗೆ ಸಭೆಯೇ ನಕ್ಕಿತು. ಓರಿನ್‌ಗೂ ನಗು ಬಂದೇಬಿಟ್ಟಿತ್ತು, ಹಿಂದಿನ ಬಾಗಿಲ ಬಳಿ ಎತ್ತಿದ್ದ ಒಂದು ಕೈ ಕಾಣುವವರೆಗೆ. ಕಾರ್ಬಿನ್. ಅವನು ಸಭೆಗೆ ಬಂದದ್ದೇ ಓರಿನ್‌ಗೆ ಗೊತ್ತಿರಲಿಲ್ಲ. ಅಪ್ಪ ನೋಡಿದ ಮೇಲೂ ಹುಡುಗ ಕೈ ಇಳಿಸಲಿಲ್ಲ.

ಊಟದ ಬಿಡುವು ಕೊಟ್ಟದ್ದೇ ತಡ, ಜನ ಬೀನ್ಸು, ಹಂದಿಮಾಂಸ, ಸೇಬಿನ ಪೈ ಇಟ್ಟಿದ್ದ ಮೇಜಿಗೆ ಮುತ್ತಿದರು. ಓರಿನ್ ಹೊರಗೆ ಓಡಿದ. ಹಿಮ ಕರಗಿ ಕೆಸರಾಗಿದ್ದ ಅಂಗಳದಲ್ಲಿ ಕಾರ್ಬಿನ್ ಟ್ರಕ್ಕಿಗೆ ಒರಗಿ ನಿಂತಿದ್ದ.

"ಯಾವಾಗಿಂದ ಗೊತ್ತು?"

"ಚಿಕ್ಕವನಾಗಿದ್ದಾಗಿಂದ, ಅಪ್ಪ. ಕ್ರಿಸ್‌ಮಸ್ ಆದ್ಮೇಲೆ ಒಂದ್ಸಲ ತೆಗೆದೆ."

"ಯಾರಿಗೆ? ಯಾತಕ್ಕೆ?" ಎಂದ ಓರಿನ್.

"ಬೇರೆಯವರಿಗಲ್ಲ," ಎಂದ ಕಾರ್ಬಿನ್. "ನನಗೇ. ಅಷ್ಟರಲ್ಲಿ ನೀನು ಹಿತ್ತಲಿಂದ ಕೂಗಿದೆ, ನಾಯಿಗೆ ಊಟ ಹಾಕಿದ್ಯೇನೋ ಅಂತ. ಹಾಕಿರಲಿಲ್ಲ. ಬೀರು ಮುಚ್ಚಿ ಹೋಗಿ ಹಾಕ್ದೆ."

ಅಷ್ಟೇ. ಮಗನನ್ನು ಉಳಿಸಿದ್ದು ನಾಯಿಯ ಊಟ. ಉಕ್ಕಿನ ಬೀರುವಲ್ಲ, ಕಾವಲುಗಾರನಲ್ಲ, ಇಷ್ಟು ವರ್ಷ ಗೆದ್ದ ವಾದಗಳಲ್ಲಿ ಒಂದೂ ಅಲ್ಲ. ಓರಿನ್ ಮಗನ ಕತ್ತು ಬಳಸಿ ಹಿಡಿದು, ದೊಡ್ಡ ಗಂಡಸು, ಅಲ್ಲೇ ಕೆಸರಿನಲ್ಲಿ ನಿಂತು ಅತ್ತ. ಆಮೇಲೆ ಕೇಳಿದ, ಇದನ್ನು ಒಳಗೆ ಸಭೆಯಲ್ಲಿ ಹೇಳ್ಲೇನೋ ಎಂದು. ಹುಡುಗ ಯೋಚಿಸಿ, ಹೂಂ ಎಂದು ತಲೆಯಾಡಿಸಿದ.

ಸಭೆ ಮತ್ತೆ ಸೇರಿದಾಗ ಓರಿನ್ ಎಲ್ಲರಿಗಿಂತ ಮೊದಲು ಎದ್ದ. ಅವನ ದನಿ ಎಂದಿನ ಹಾಗೆ ಗಟ್ಟಿಯಾಗಿಯೇ ಇತ್ತು.

"ಅಧ್ಯಕ್ಷರೇ, ಕಾವಲುಗಾರ ಬೇಕೋ ಬೇಡವೋ, ನೀವೇ ತೀರ್ಮಾನ ಮಾಡಿ. ನಮ್ಮನೇಲಿ ನನ್ನ ಮಗನ ಮನಸ್ಸು ಸರಿಯಿಲ್ಲ. ಇಷ್ಟು ದಿನ ನಾನು ಮುಚ್ಚಿಟ್ಟೆ. ನನ್ನ ಬಂದೂಕುಗಳನ್ನೆಲ್ಲ ಇವತ್ತೇ ಅಕ್ಕ ತಗೊಂಡು ಹೋಗಿ ಅವಳ ಮನೇಲಿ ಬೀಗ ಹಾಕಿಡ್ತಾಳಾ, ಕೇಳಿ. ನಂಬರು ಅವಳೇ ಹಾಕ್ಲಿ. ನನಗೂ ಹೇಳೋದು ಬೇಡ."

ಡೆಲ್ಫಿನ್ ಅಧ್ಯಕ್ಷರ ಕಡೆ ನೋಡಲೇ ಇಲ್ಲ. ನೇರ ತಮ್ಮನ ಕಡೆ ತಿರುಗಿದಳು.

"ಟ್ರಕ್ ಬಾಗಿಲಿಗೆ ತಗೊಂಡು ಬಾರೋ. ನಾಳೆ ಬಸ್ಸಿಗೆ ರಜೆ ಹಾಕ್ತೀನಿ. ಡಾಕ್ಟರು ಎಷ್ಟೇ ದೂರ ಇರ್ಲಿ, ಮೂರು ಜನಾನೂ ಹೋಗೋಣ."

ನಿಯಮ ಮುರಿದದ್ದಕ್ಕೆ ಸುತ್ತಿಗೆ ಎತ್ತಿದ್ದ ಎಲ್ಡನ್ ಅದನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ.